ಶಿವಗಂಗೆ: ಅಗ್ನಿಶಿಲೆಯೂ ಅಗ್ನಿಪರ್ವತವೂ

ನೆಲಮಂಗಲ ತಾಲ್ಲೂಕಿನ ಶಿವಗಂಗೆಯು ದೇವರಾಯನದುರ್ಗ, ಸಾವನದುರ್ಗಗಳ ಸಾಲಿಗೆ ಸೇರಿದ, ಸಮುದ್ರಮಟ್ಟಕ್ಕೆ ಸುಮಾರು 4,500 ಅಡಿ ಎತ್ತರವಾದ ಬೆಟ್ಟ. ಮಳೆ ಕಡಿಮೆಯಾದ ಬಯಲುಸೀಮೆಯಲ್ಲಿ ಬರಿಯ ಬಂಡೆಯಾಗಿ ಮೊನಚಾಗಿ ನಿಂತಿರುವ ಈ ಶಿಖರದ ಕಲ್ಲು ‘ಅಗ್ನಿಶಿಲೆ’ಯೆಂದು ಓದಿದವರಿಗೆ, ಇದು ಆರಿಹೋದ ಅಗ್ನಿಪರ್ವತವಾಗಿರಬೇಕೆಂಬ ಭಾವನೆ ಹುಟ್ಟುವುದು ಸಹಜ. ಆದರೆ ಅಗ್ನಿಶಿಲೆಯಿರುವೆಡೆಯಲ್ಲೆಲ್ಲ ಅಗ್ನಿಪರ್ವತವಿದ್ದಿತೆಂದು ಹೇಳಲಾಗದು.

ಕರಗಿದ ಶಿಲಾರಸವು ಘನೀಭವಿಸಿ ಆದುದೆಲ್ಲವೂ ಅಗ್ನಿಶಿಲೆಯೇ. ಆ ರಸವು ನೆಲದ ಬಿರುಕುಗಳಿಂದ ಹೊರಚೆಲ್ಲಿ ಬೇಗನೆ ಆರಿದರೆ ಹರಳುಗಳು ಬೆಳೆಯಲು ಅವಕಾಶವಿಲ್ಲ; ಬೆಳಗಾವಿ, ವಿಜಯಪುರ ಸೀಮೆಗಳ ಕರಿಯ ಕಲ್ಲು ಇಂತಹುದು. ನೆಲದಾಳದಲ್ಲಿಯೇ ನಿಂತು ನಿಧಾನವಾಗಿ ಆರಿದರೆ ಹರಳುಗಳು ದಪ್ಪನಾಗುವುವು. ಶಿವಗಂಗೆಯ ಗ್ರಾನೈಟಿನ ಹರಳುಗಳು ಬರಿಗಣ್ಣಿಗೇ ಕಾಣುವುವು. ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯಿಂದ ಗುರುತಿಸಲ್ಪಡುವ ಶಿಲಾಪಟ್ಟಿಗೆ ಇದು ಸೇರಿದೆ. ಇದರ ವಯಸ್ಸು ಸುಮಾರು 250 ಕೋಟಿ ವರ್ಷ.

ಹಾಗಾದರೆ ಈ ಎತ್ತರವು ಬಂದುದೆಂತು? ಅಗ್ನಿಪರ್ವತವು ತಾನು ಉಗುಳಿದುದನ್ನೇ ಪೇರಿಸಿಕೊಂಡು ಬೆಳೆಯುವುದು. ಇಲ್ಲಿಯಾದರೋ ಮೇಲೆ ಹೊದೆದಿದ್ದ ಶಿಲೆಯೂ ಸುತ್ತಲಿನ ನೆಲವೂ ಕೋಟ್ಯಂತರ ವರ್ಷಗಳಲ್ಲಿ ಸವೆದುಹೋಗಿ, ಗಟ್ಟಿಯಾದ ಬಂಡೆ ಉಳಿದುಕೊಂಡಿತು. ಪೂರ್ವದಿಂದ ನೋಡಿದರೆ ನಂದಿಯಂತೆ ತೋರುವುದೆಂದು ಜನರು ಹೇಳುವ ಆಕಾರವೂ ಗಾಳಿ, ಬಿಸಿಲು, ಮಳೆಗಳ ಕೆಲಸವೇ.

ಆದುದರಿಂದ ಕನ್ನಡದಲ್ಲಿ ಶಾಸ್ತ್ರಪಾಠವನ್ನು ಹೇಳುವವರು ‘ಅಗ್ನಿ’ ಎಂಬ ಪೂರ್ವಪದವನ್ನು ಅರ್ಥವಿವರಣೆಯಿಲ್ಲದೆ ಬಿಡಬಾರದು. ಹೊರಗೆ ಹರಿದು ಆರಿದ ಶಿಲೆ, ಒಳಗೇ ಆರಿದ ಶಿಲೆ ಎಂಬ ಭೇದವನ್ನು ತಿಳಿಸಿದರೆ, ಶಿವಗಂಗೆಯು ಎರಡನೆಯ ಬಗೆಯದೆಂಬುದನ್ನು ವಿದ್ಯಾರ್ಥಿಯು ಅಲ್ಲಿಯ ಕಲ್ಲನ್ನು ನೋಡಿಯೇ ನಿರ್ಣಯಿಸಬಲ್ಲನು.