ಮಂಗನ ಕಾಯಿಲೆ: ಲಸಿಕೆಯೊಂದೇ ಸಾಲದು

ಹೊಸ ಲಸಿಕೆ ಬಂದರೆ ಮಂಗನ ಕಾಯಿಲೆ ತೊಲಗುತ್ತದೆ ಎಂಬುದು ಅರ್ಧಸತ್ಯ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಕಾಯಿಲೆಯ ವೈರಾಣುವನ್ನು ಹರಡುವುದು ಉಣುಗು. ಸತ್ತ ಮಂಗನ ಮೈಯಿಂದ ಉದುರಿದ ಉಣುಗುಗಳಿರುವ ಜಾಗಕ್ಕೆ ದರಗು, ಸೌದೆ ತರಲು ಹೋದವರೇ ಹೆಚ್ಚಾಗಿ ಬಲಿಪಶುಗಳು. ವರ್ಷಗಟ್ಟಲೆ ಚುಚ್ಚಿದ ಹಳೆಯ ಲಸಿಕೆಯ ರಕ್ಷಣೆ ತೀರಾ ಸಾಧಾರಣವೆಂದು ಅಧ್ಯಯನಗಳೇ ತೋರಿಸಿದವು. ಕೊನೆಗೆ ಅದನ್ನು ನಿಲ್ಲಿಸಲಾಯಿತು. ಹೀಗಾಗಿ ಉಣುಗು, ಮಂಗ, ಕಾಡು ಮೂರನ್ನೂ ಒಟ್ಟಿಗೆ ಓದುವ ಸಂಶೋಧನೆಯೇ ನಮಗೆ ಬೇಕಾದದ್ದು.

ಕೆಲವು ನೂರು ರೋಗಿಗಳಿಗಾಗಿ ಇಷ್ಟೆಲ್ಲ ಏಕೆ ಎನ್ನುವವರಿದ್ದಾರೆ. ನೂರಕ್ಕೆ 3ರಿಂದ 5 ಮಂದಿಯನ್ನು ಕೊಲ್ಲುವ ಈ ರೋಗ ಈಗ ವಯನಾಡು, ಗೋವಾಗಳಿಗೂ ಹಬ್ಬಿದೆ. ಶಿವಮೊಗ್ಗ, ಭದ್ರಾವತಿಯ ಕಾಡಂಚಿನವರೇ, ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.