ಸಣ್ಣ ಹಾಯಿದೋಣಿಗೆ ಎಂಥ ಕಹಳೆ ಬೇಕು?

ಮಂಜು ಮುಸುಕಿದ ಕಡಲೆಂದರೆ ನಮಗೆ ವಿಲಾಯತಿಯ ಕಾದಂಬರಿಗಳ ನೆನಪಾಗುತ್ತದೆ. ಆದರೆ ಹಡಗುಗಳ ಡಿಕ್ಕಿ ತಡೆಯಲೆಂದು 1972ರಲ್ಲಿ ರಚಿತವಾಗಿ 1977ರಲ್ಲಿ ಜಾರಿಗೆ ಬಂದ ಅಂತಾರಾಷ್ಟ್ರೀಯ ನಿಯಮಗಳು ಮಂಜಿನ ಜೊತೆಗೆ ಜಡಿಮಳೆಯನ್ನೂ ಲೆಕ್ಕಕ್ಕೆ ಹಿಡಿದಿವೆ. ಜಡಿಮಳೆಯಲ್ಲಿ ಕಡಲು ಹೇಗೆ ಮರೆಯಾಗುತ್ತದೆಂದು ಮಂಜೇಶ್ವರ, ಕುಂಬಳೆ, ಕಾಸರಗೋಡಿನ ಕಡಲ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹನ್ನೆರಡು ಮೀಟರಿಗಿಂತ ಚಿಕ್ಕ ದೋಣಿಗೆ ದೊಡ್ಡ ಹಡಗಿನಂಥ ಸೀಟಿ ಕಡ್ಡಾಯವಲ್ಲ. ಆದರೆ ದೂರಕ್ಕೆ ಕೇಳಿಸುವ ಏನಾದರೊಂದು ಸಾಧನ ಇರಲೇಬೇಕು. ಕಣ್ಣು ಕಾಣದಾಗ ಎರಡು ನಿಮಿಷಕ್ಕೊಮ್ಮೆಯಾದರೂ ಅದು ಮೊಳಗಬೇಕು. ಹಾಯಿ ಬಿಚ್ಚಿದ ನೌಕೆಯ ಸಂಕೇತ ಒಂದು ದೀರ್ಘ, ಎರಡು ಹ್ರಸ್ವ. ದೀರ್ಘವೆಂದರೆ 4ರಿಂದ 6 ಸೆಕೆಂಡು, ಹ್ರಸ್ವವೆಂದರೆ ಸುಮಾರು ಒಂದು ಸೆಕೆಂಡು. ಛಂದಸ್ಸು ಕಲಿತ ನಮ್ಮ ಮಕ್ಕಳು ಇದನ್ನು ಭಗಣವೆಂದು ಗುರುತಿಸಿಯಾರು.

20 ಮೀಟರಿಗಿಂತ ಚಿಕ್ಕ ನೌಕೆಯ ಸೀಟಿ ಅರ್ಧ ನಾಟಿಕಲ್ ಮೈಲು, ಎಂದರೆ ಸುಮಾರು 925 ಮೀಟರು ದೂರಕ್ಕೆ ಕೇಳಬೇಕೆಂದು ನಿಯಮದ ಅಂದಾಜು. ಗಂಟೆಗೆ 15 ನಾಟಿಕಲ್ ಮೈಲು ಓಡುವ ಹಡಗು ಅಷ್ಟು ದೂರವನ್ನು ಎರಡೇ ನಿಮಿಷದಲ್ಲಿ ಮುಗಿಸುತ್ತದೆ. ಒಂದು ಕೂಗಿಗೂ ಮುಂದಿನ ಕೂಗಿಗೂ ನಡುವೆ ಅದು ದೋಣಿಯ ಮೇಲೆಯೇ ಬಂದಿರಬಹುದು. ಆದುದರಿಂದ ಕಹಳೆ ಕೊಳ್ಳುವವರು ‘ಎಷ್ಟು ಜೋರು?’ ಎನ್ನುವುದಕ್ಕಿಂತ ಮೊದಲು ‘ಎಷ್ಟು ಹೊತ್ತು ಊದಬಹುದು?’ ಎಂದು ವಿಚಾರಿಸಬೇಕು.

ಅಂಗಡಿಯಲ್ಲಿ ಮನಸ್ಸು ಸೆಳೆಯುವುದು ಗ್ಯಾಸ್ ಡಬ್ಬಿಯ ಕಹಳೆ. ಒತ್ತಿದರೆ ಕಿವಿ ಗುಂಯ್‌ಗುಡುತ್ತದೆ. ಆದರೆ ಎರಡು ನಿಮಿಷಕ್ಕೊಂದರಂತೆ ಗಂಟೆಗೆ 30 ಸಂಕೇತ, ಒಂದೊಂದಕ್ಕೆ ಆರೆಂಟು ಸೆಕೆಂಡು. ಗಂಟೆಗೆ ಮೂರು ನಾಲ್ಕು ನಿಮಿಷ ಎಡೆಬಿಡದೆ ಗ್ಯಾಸ್ ಬಿಟ್ಟಂತಾಯಿತು. ಸಣ್ಣ ಡಬ್ಬಿ ಎಷ್ಟು ಹೊತ್ತು ತಾಳೀತು? ಉಪ್ಪುಗಾಳಿಗೆ ತುಕ್ಕು ಬೇರೆ. ವಿದ್ಯುತ್ ಕಹಳೆಗೆ ಬ್ಯಾಟರಿ ಬೇಕು, ಸಣ್ಣ ಹಾಯಿದೋಣಿಗೆ ಅದೊಂದು ಹೊರೆ. ಸೈಕಲ್ ಪಂಪಿನಿಂದ ಗಾಳಿ ತುಂಬುವ ಕಹಳೆಯೂ ಉಂಟು. ಖಾಲಿಯಾದರೆ ಕೂತಲ್ಲೇ ಮತ್ತೆ ತುಂಬಬಹುದು. ಬಾಯಿಯಿಂದ ಊದುವ ಕಹಳೆಯ ಸದ್ದು ಕಡಿಮೆ, ನಿಜ. ಆದರೆ ಉಸಿರಿರುವ ತನಕ ಅದು ಕೈಕೊಡದು. ನನ್ನ ಮಟ್ಟಿಗೆ ಈ ಕೊನೆಯ ಎರಡು ದೋಣಿಯಲ್ಲಿರಲಿ, ಗ್ಯಾಸ್ ಡಬ್ಬಿ ಅಪಾಯ ಎದುರು ಬಂದಾಗ ಮಾತ್ರ. ಪೀಪಿಯ ಕಿರುದನಿ ಬೇಗ ಕುಗ್ಗುತ್ತದೆ. ತಗ್ಗು ದನಿಯೇ ದೂರ ಸಾಗುತ್ತದೆ.

ಮಂಜು ಸದ್ದನ್ನು ನುಂಗುತ್ತದೆಂಬ ನಂಬಿಕೆಯನ್ನು 1873ರಲ್ಲಿ ಇಂಗ್ಲೆಂಡಿನ ಸೌತ್ ಫೋರ್‌ಲ್ಯಾಂಡಿನಲ್ಲಿ ವಿಜ್ಞಾನಿ ಜಾನ್ ಟಿಂಡಲ್ ಆರಂಭಿಸಿದ ಪ್ರಯೋಗಗಳು ಅಲ್ಲಗಳೆದವು. ಬಿಸಿ-ತಂಪು ಬೆರೆತ ತಿಳಿಗಾಳಿಯೇ ಸದ್ದಿಗೆ ಹೆಚ್ಚು ಅಡ್ಡಿಯೆಂದು ಅವನು ಕಂಡುಕೊಂಡ. ನಮ್ಮಂತೆಯೇ ಗಡಿಯಾಚೆ ಉಳಿದ ಕನ್ನಡಿಗರಿರುವ ಆಂಧ್ರದ ರಾಯದುರ್ಗದ ಕಡೆ, ಭೈರವಾನಿತಿಪ್ಪದಂಥ ಜಲಾಶಯದಲ್ಲಿ, ನೀರು ತುಂಬಿದ ವರ್ಷ, ಗಾಳಿಯಿಲ್ಲದ ಚಳಿ ಬೆಳಗ್ಗೆ ಆಚೆ ದಡದ ಕೂಗು ಈಚೆ ಕೇಳಿಸೀತು. ನೀರಿಗೆ ತಾಗಿದ ತಂಪು ಗಾಳಿ ಸದ್ದನ್ನು ಕೆಳಕ್ಕೆ ಬಾಗಿಸುತ್ತದೆ. ಕಡಲಿನಲ್ಲಿ ಎದುರುಗಾಳಿಗೆ ಊದಿದರೆ ಅದೇ ಸದ್ದು ಮೇಲಕ್ಕೆ ಬಾಗಿ ತಲೆಯ ಮೇಲೆಯೇ ಹೋಗಿಬಿಡುತ್ತದೆ.

ಇನ್ನು ದೊಡ್ಡ ಹಡಗು. ಬಾಗಿಲು ಮುಚ್ಚಿದ ಕೋಣೆ, ಇಂಜಿನ್ನಿನ ಗದ್ದಲ. ಅಲ್ಲಿರುವವರಿಗೆ ದೋಣಿಯ ಕಹಳೆ ಕೇಳಿಸುವುದೆಂಬ ಭರವಸೆ ಬೇಡ. 2021ರ ಏಪ್ರಿಲಿನಲ್ಲಿ ಮಂಗಳೂರಿನಿಂದ ಸುಮಾರು 43 ನಾಟಿಕಲ್ ಮೈಲು ದೂರದಲ್ಲಿ, ನಡುರಾತ್ರಿ ಕಳೆದ ಮೇಲೆ, ಬೇಪೂರಿನ ಮೀನುಗಾರಿಕೆ ಬೋಟಿಗೂ ಸರಕು ಹಡಗಿಗೂ ಡಿಕ್ಕಿಯಾಯಿತು. ಬೋಟಿನಲ್ಲಿದ್ದ 14 ಮಂದಿಯಲ್ಲಿ ಜೀವಂತ ಸಿಕ್ಕವರು ಇಬ್ಬರೇ. ಮರದ, ಫೈಬರಿನ ದೋಣಿಗಳು ರಾಡಾರಿಗೆ ಸರಿಯಾಗಿ ಕಾಣವು. ಲೋಹದ ತಗಡುಗಳನ್ನು ಒಂದಕ್ಕೊಂದು ಲಂಬವಾಗಿ ಜೋಡಿಸಿದ ಪ್ರತಿಫಲಕವನ್ನು ಕೂವೆಮರದ ಮೇಲೆ ಕಟ್ಟಿದರೆ ಕಾಣುವ ಸಂಭವ ಹೆಚ್ಚು. ಕಹಳೆ ಮುಖ್ಯವಾಗಿ ನೆರೆಯ ದೋಣಿಗಳಿಗಾಗಿ. ಅವುಗಳಲ್ಲಿ ಇಂಜಿನ್ ಹೂಡಿದವರು ಆಗಾಗ ಅದನ್ನು ನಿಲ್ಲಿಸಿ ಆಲಿಸಿದರೆ ಮಾತ್ರ ಅದೂ ಪ್ರಯೋಜನಕ್ಕೆ ಬಂದೀತು.

ಕೊಂಡ ಕಹಳೆಯನ್ನು ಮಳೆಗಾಲಕ್ಕೆ ಮೊದಲೇ ಪರೀಕ್ಷಿಸಬೇಕು. ಒಬ್ಬರು ದಡದಲ್ಲಿ ನಿಲ್ಲಲಿ, ದೋಣಿ ದೂರ ಸಾಗುತ್ತ ಊದುತ್ತಿರಲಿ. ಕೇಳಿಸಿದಾಗಲೆಲ್ಲ ದಡದವರು ಬಟ್ಟೆ ಬೀಸಲಿ. ಗಾಳಿ ಕಡಲಿನಿಂದ ಬೀಸುವ ಮಧ್ಯಾಹ್ನ ಒಮ್ಮೆ, ದಡದಿಂದ ಬೀಸುವ ನಸುಕಿನಲ್ಲಿ ಇನ್ನೊಮ್ಮೆ.