ಹಬ್ಬದೂಟವೂ ದೇಹದ ಲೆಕ್ಕವೂ

ಡಿಸೆಂಬರ್ ತಿಂಗಳ ಕೊನೆಯ ವಾರದಲ್ಲಿ ಯುರೋಪಿನ ಉತ್ತರದ ದೇಶಗಳಲ್ಲಿ ಹಗಲು ಬಹಳ ಚಿಕ್ಕದು. ಲಂಡನ್ ನಗರದಲ್ಲಿ ಅದು ಎಂಟು ಗಂಟೆಗಳನ್ನೂ ಮುಟ್ಟುವುದಿಲ್ಲ; ಸ್ವೀಡನ್ನಿನ ರಾಜಧಾನಿಯಾದ ಸ್ಟಾಕ್‌ಹೋಮಿನಲ್ಲಿ ಸುಮಾರು ಆರೇ ಗಂಟೆ. ಹೊರಗೆ ಕೊರೆಯುವ ಚಳಿ, ಒಳಗೆ ಬೆಚ್ಚನೆಯ ಮನೆ. ಇಂತಹ ದಿನಗಳಲ್ಲಿಯೇ ಕ್ರಿಸ್‌ಮಸ್ ಬರುತ್ತದೆ. ಹುರಿದ ಮಾಂಸ, ಒಣಹಣ್ಣಿನ ಪುಡ್ಡಿಂಗು, ಬೆಣ್ಣೆ ಸಕ್ಕರೆಗಳ ಕೇಕು ಮೇಜಿನ ತುಂಬ ಇರುತ್ತವೆ. ಉಣ್ಣುವುದು ಹೆಚ್ಚುತ್ತದೆ, ನಡೆಯುವುದು ಕಡಮೆಯಾಗುತ್ತದೆ. ಹಬ್ಬ ಮುಗಿಯುವ ವೇಳೆಗೆ ಮೈ ತೂಕ ಬಹಳ ಏರಿತೆಂದು ಜನ ಪೇಚಾಡುವುದು ಅಲ್ಲಿ ಪ್ರತಿವರ್ಷದ ಮಾತು.

ಈ ಪೇಚಾಟದಲ್ಲಿ ಎಷ್ಟು ನಿಜವಿದೆ? ಅಮೆರಿಕದ ವಿಜ್ಞಾನಿಗಳು ೧೯೫ ಮಂದಿ ವಯಸ್ಕರನ್ನು ಹಬ್ಬದ ಕಾಲಕ್ಕೆ ಮೊದಲೂ ಅನಂತರವೂ ತೂಗಿ ನೋಡಿ, ೨೦೦೦ದಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ತಮ್ಮ ತೂಕ ಒಂದೂವರೆ ಕಿಲೋಗ್ರಾಮಿನಷ್ಟು ಹೆಚ್ಚಿರಬೇಕೆಂದು ಆ ಜನರ ಊಹೆ. ತಕ್ಕಡಿ ತೋರಿಸಿದ್ದಾದರೋ ಸರಾಸರಿ ೩೭೦ ಗ್ರಾಂ ಮಾತ್ರ! ಇಷ್ಟೇ ತಾನೇ ಎಂದು ಸಮಾಧಾನಪಡುವಂತಿಲ್ಲ. ಏಕೆಂದರೆ ಆ ಅಲ್ಪಭಾರ ಮುಂದಿನ ವಸಂತದಲ್ಲಾಗಲಿ ಬೇಸಗೆಯಲ್ಲಾಗಲಿ ಇಳಿಯಲಿಲ್ಲ. ವರ್ಷವರ್ಷವೂ ಹೀಗೆಯೇ ಕೂಡುತ್ತ ಹೋದರೆ ಹತ್ತು ವರ್ಷಗಳಲ್ಲಿ ಮೂರೂವರೆ ಕಿಲೋಗ್ರಾಮಿಗೂ ಮಿಕ್ಕುತ್ತದೆ. ೩೭೦ ಗ್ರಾಂ ಕೊಬ್ಬು ಎಂದರೆ ಸುಮಾರು ೨೮೦೦ ಕ್ಯಾಲೊರಿ. ಎಂಟು ವಾರಗಳಿಗೆ ಹಂಚಿದರೆ ದಿನಕ್ಕೆ ಐವತ್ತು. ಚಿಕ್ಕದೊಂದು ತುಂಡು ಕೇಕಿಗಿಂತಲೂ ಕಡಮೆ. ಆದುದರಿಂದ ಹಬ್ಬದ ದಿನದ ಒಂದು ಭೋಜನವನ್ನು ದೂರುವುದು ಅನ್ಯಾಯ. ಅದರ ಹಿಂದುಮುಂದಿನ ದಿನಗಳಲ್ಲಿ ಹಸಿವಿಲ್ಲದಿದ್ದರೂ ಬಾಯಾಡಿಸುವ ಅಭ್ಯಾಸವೇ ಲೆಕ್ಕ ತಪ್ಪಿಸುತ್ತದೆ. ಹೊಟ್ಟೆ ತುಂಬಿತೆಂಬ ಸುದ್ದಿ ಮೆದುಳಿಗೆ ಪೂರ್ಣವಾಗಿ ಮುಟ್ಟಲು ಇಪ್ಪತ್ತು ನಿಮಿಷಗಳಷ್ಟು ಹಿಡಿಯುವುದರಿಂದ, ಮಾತಿನ ಭರದಲ್ಲಿ ಬೇಗಬೇಗ ಉಣ್ಣುವವನು ಆ ಸುದ್ದಿ ಬರುವ ಮೊದಲೇ ಮತ್ತೊಮ್ಮೆ ಬಡಿಸಿಕೊಂಡಿರುತ್ತಾನೆ.

ನಮ್ಮ ಕರಾವಳಿಗೂ ಈ ಮಾತು ಸಲ್ಲುತ್ತದೆ. ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್ಸಿಗಾಗಿ ಸಿದ್ಧವಾಗುವ ತಿಂಡಿಗಳಿಗೆ ಒಟ್ಟಾಗಿ ಕುಸ್ವಾರ್ ಎಂದು ಹೆಸರು. ಎಳ್ಳು ಕೊಬ್ಬರಿಗಳ ಹೂರಣವಿಟ್ಟು ಕರಿದ ನೆವ್ರಿ, ಸಕ್ಕರೆ ಪಾಕ ಹಿಡಿಸಿದ ಕಿಡಿಯೊ, ಹೂವಿನಾಕಾರದ ಗುಲಾಬಿ ತಿಂಡಿ ಇವೆಲ್ಲ ಡಬ್ಬಿಗಳಲ್ಲಿ ಹಲವು ದಿನ ಕೆಡದೆ ಉಳಿಯುತ್ತವೆ. ಕೈಗೆಟಕುವ ಡಬ್ಬಿಯೇ ಇಲ್ಲಿನ ಅಪಾಯ. ಆದರೆ ತಟ್ಟೆ ತುಂಬಿಸಿ ಜಾತಿಮತಗಳ ಭೇದವಿಲ್ಲದೆ ನೆರೆಮನೆಗಳಿಗೆ ಹಂಚುವ ಸಂಪ್ರದಾಯವೂ ಅದರೊಡನೆಯೇ ಬಂದಿದೆ. ಅದನ್ನು ಆರಂಭಿಸಿದವರು ವೈದ್ಯಶಾಸ್ತ್ರವನ್ನು ಯೋಚಿಸಿರಲಾರರು. ಆದರೂ ಡಬ್ಬಿ ಬೇಗ ಬರಿದಾಗುವುದಂತೂ ನಿಜ.

ಹಬ್ಬದ ಗದ್ದಲದಲ್ಲಿ ದೇಹದ ಮಾತು ಕೇಳಿಸದೆ ಹೋದರೆ ಪರಿಣಾಮ ಕೆಲವೊಮ್ಮೆ ತೂಕದಲ್ಲಿ ಮುಗಿಯುವುದಿಲ್ಲ. ಸ್ವೀಡನ್ನಿನಲ್ಲಿ ೧೯೯೮ರಿಂದ ೨೦೧೩ರವರೆಗೆ ಸಂಭವಿಸಿದ ಎರಡು ಲಕ್ಷ ಎಂಬತ್ತು ಸಾವಿರಕ್ಕೂ ಹೆಚ್ಚು ಹೃದಯಾಘಾತಗಳನ್ನು ಅಲ್ಲಿನ ತಜ್ಞರು ಪರಿಶೀಲಿಸಿದರು. ಆ ದೇಶದಲ್ಲಿ ಮುಖ್ಯ ಉತ್ಸವ ನಡೆಯುವುದು ಡಿಸೆಂಬರ್ ೨೪ರ ಸಂಜೆ. ಅಂದು ಹೃದಯಾಘಾತಗಳು ಸಾಮಾನ್ಯ ದಿನಗಳಿಗಿಂತ ಶೇಕಡಾ ೩೭ರಷ್ಟು ಹೆಚ್ಚು. ರಾತ್ರಿ ಹತ್ತರ ಸುಮಾರಿಗೆ ಅತ್ಯಧಿಕ. ೭೫ ವರ್ಷ ಮೀರಿದವರಿಗೂ ಸಕ್ಕರೆ ಕಾಯಿಲೆಯವರಿಗೂ ಅಪಾಯ ಇನ್ನೂ ಹೆಚ್ಚು. ಅತಿಭೋಜನ, ಮದ್ಯಪಾನ, ದೂರ ಪ್ರಯಾಣದ ಆಯಾಸ, ಮನಸ್ಸಿನ ಉದ್ವೇಗ ಇವು ಕಾರಣಗಳಿರಬಹುದೆಂದು ತಜ್ಞರ ಊಹೆ. ಎದೆನೋವು ಬಂದರೂ ಎಲ್ಲರ ಸಂತೋಷ ಕೆಡಬಾರದೆಂದು ಹಿರಿಯರು ಬಾಯಿಬಿಡದೆ ಕುಳಿತುಬಿಡುವುದುಂಟು. ಹೃದಯಾಘಾತದಲ್ಲಿ ಮಾತ್ರ ಒಂದೊಂದು ನಿಮಿಷಕ್ಕೂ ಹೃದಯದ ಸ್ನಾಯು ಸಾಯುತ್ತ ಹೋಗುತ್ತದೆ. ಮುಖ ಬಿಳಿಚಿ, ಬೆವರುತ್ತ, ಎದೆಯನ್ನು ಹಿಡಿದುಕೊಂಡ ಅಜ್ಜನನ್ನು ಮೊದಲು ಗಮನಿಸುವವರು ಎಷ್ಟೋ ವೇಳೆ ಮನೆಯ ಮಕ್ಕಳೇ.

ವ್ಯಾಯಾಮದ ಮಾತು ಬಂದಾಗ ಲಂಡನ್ನಿನ ಹೈಡ್ ಪಾರ್ಕಿನ ಸರ್ಪೆಂಟೈನ್ ಸರೋವರವನ್ನು ನೆನೆಯಬೇಕು. ೧೮೬೪ರಲ್ಲಿ ಆರಂಭವಾದ ಒಂದು ಈಜು ಪಂದ್ಯ ಅಲ್ಲಿ ಕ್ರಿಸ್‌ಮಸ್ ದಿನದ ಬೆಳಗ್ಗೆ ನಡೆಯುತ್ತದೆ. ದೂರ ನೂರು ಗಜ ಮಾತ್ರ. ಆದರೆ ನೀರು ಮಂಜಿನಂತೆ ತಣ್ಣಗಿರುತ್ತದೆ. ರೂಢಿಯಿಲ್ಲದವನು ಅದರೊಳಗೆ ಧುಮುಕಿದರೆ ಉಸಿರು ತಡೆಯಲಾರದೆ ಏದಿ, ನೀರು ಕುಡಿದು ಮುಳುಗಬಹುದು. ಆದಕಾರಣ ಸಂಘದ ಸದಸ್ಯರಲ್ಲದವರಿಗೆ ಪಂದ್ಯದಲ್ಲಿ ಪ್ರವೇಶವಿಲ್ಲ. ಚಳಿ ಏರುತ್ತ ಬಂದ ವಾರಗಳಲ್ಲೆಲ್ಲ ಈಜಿ ಮೈಯನ್ನು ಪಳಗಿಸಿಕೊಂಡವರು ನೀರಿಗಿಳಿಯುತ್ತಾರೆ. ಉಳಿದವರು ದಡದಲ್ಲಿ ನಿಂತು ಹುರಿದುಂಬಿಸಿ, ಊಟದ ಹೊತ್ತಿಗೆ ಉದ್ಯಾನವನದ ದಾರಿಯಲ್ಲಿ ನಡೆದು ಮನೆ ಸೇರುತ್ತಾರೆ.